ನಮ್ಮ ಲಾರಿಯ ಬೆಳಗಿನ ಹೊಗೆ

ನಾನು ಮದುವೆಯಾಗಿ ಗೋಕಾಕಕ್ಕೆ ಬಂದಾಗ ಆ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಲಾರಿಗೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಪೆಟ್ರೋಲ್ ಲಾರಿ ಅದು. ಮೂಡಲಗಿಯಿಂದ ಬೆಲ್ಲ ತರುವುದು, ಹುಕ್ಕೇರಿಗೆ ಕಾಳುಕಡಿ ಒಯ್ಯುವುದು ಅದರ ಕೆಲಸ. ನಡೆಸುವವರು ನನ್ನ ಗಂಡ, ಯಜಮಾನಿಕೆ ಮಾವನದು. ದಿನಾ ಬೆಳಿಗ್ಗೆ ಅದರ ಹಣೆಗೆ ವಿಭೂತಿ ಹಚ್ಚಿದ ಮೇಲೆಯೇ ಮಾವ ಚಹಾ ಕುಡಿಯುತ್ತಿದ್ದರು.

ಬ್ಯಾಟರಿಯಲ್ಲಿ ಜೀವ ಇರಲಿಲ್ಲ. ಹಾಗಾಗಿ ಓಣಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡುತ್ತಿದ್ದರು. ಬೆಳಿಗ್ಗೆ ಕಲ್ಲು ತೆಗೆದರೆ ಲಾರಿ ತಾನೇ ಉರುಳಿ, ಗೇರು ಹಾಕಿದೊಡನೆ ಚಾಲೂ ಆಗುತ್ತಿತ್ತು. ಆಗ ಹಳೆ ಲಾರಿ ಇದ್ದವರೆಲ್ಲ ಹೀಗೇ ಮಾಡುತ್ತಿದ್ದರು. ಚಾಲೂ ಆದ ಕೂಡಲೇ ಹಿಂದಿನಿಂದ ನೀಲಿ ಹೊಗೆ. ನಾನು ಆಗತಾನೇ ಸಾರಿಸಿ ರಂಗೋಲಿ ಹಾಕಿದ ಅಂಗಳದ ತುಂಬ ಎಣ್ಣೆ ಸುಟ್ಟ ವಾಸನೆ. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, ಯಾರಿಗೂ ಕೇಳಿಸದಂತೆ ಬೈಯುತ್ತಿದ್ದೆ.

ಬರಬರುತ್ತಾ ಹೊಗೆ ಹೆಚ್ಚಾಯಿತು. ಮಾವ ಬಸ್ಸು ಹತ್ತಿ ಹುಕ್ಕೇರಿಗೆ ಹೋಗಿ ಅಲ್ಲಿಯ ಮಿಸ್ತ್ರಿಯನ್ನು ಕೇಳಿ ಬಂದರು. ಲಾರಿ ಒಯ್ಯಲಿಲ್ಲ, ಚಾಲೂ ಇದ್ದಾಗೆಲ್ಲ ನೀಲಿ ಹೊಗೆ ಬರುತ್ತದೆ ಎಂದು ಬಾಯಿಂದ ಹೇಳಿದರು. ಹಾಗಿದ್ದರೆ ಪಿಸ್ಟನ್ ರಿಂಗು ಸವೆದಿವೆ, ಇಂಜಿನ್ ಪೂರ್ತಿ ಬಿಚ್ಚಬೇಕು ಎಂದನಂತೆ ಮಿಸ್ತ್ರಿ. ಅಷ್ಟು ದುಡ್ಡು ಎಲ್ಲಿಂದ ತರುವುದೆಂದು ಮಾವ ಮನಸ್ಸು ಗಟ್ಟಿ ಮಾಡಿದರು. ಲಾರಿ ಮಾರುತ್ತೇನೆ, ಅಮಾವಾಸ್ಯೆ ಕಳೆದ ಮೇಲೆ ಬಂದು ಒಯ್ಯಿರಿ ಎಂದು ಕಣಗಲಾದ ಒಬ್ಬರಿಗೆ ಹೇಳಿ ಕಳಿಸಿದರು.

"ದಾರ್ಯಾಗ ಹೊಗಿ ಇರೂದಿಲ್ಲಪ್ಪಾ," ಎಂದರು ನನ್ನ ಗಂಡ.

"ನಿನಗ ಸ್ಟೇರಿಂಗ್ ಬಿಡಾಕ ಮನಸಿಲ್ಲ, ಅದಕ್ಕ ಹಂಗಂತಿ," ಎಂದು ಮಾವ ಬಾಯಿ ಮುಚ್ಚಿಸಿದರು. ಅವರು ಲಾರಿಯನ್ನು ನೋಡುತ್ತಿದ್ದದ್ದು ಬೆಳಿಗ್ಗೆ ಹೊರಡುವಾಗ ಮಾತ್ರ.

ಲಾರಿ ಹೋದರೆ ಗಂಡ ಪುಣೆಗೆ ಹೋಗಿ ಬೇರೆಯವರ ಗಾಡಿ ಹೊಡೆಯಬೇಕು, ಹಬ್ಬಕ್ಕೋ ಹುಣ್ಣಿಮೆಗೋ ಬಂದು ಹೋಗಬೇಕು. ಆ ಮನೆಯಲ್ಲಿ ನನ್ನ ಜೊತೆ ನಕ್ಕು ಮಾತಾಡುತ್ತಿದ್ದವರು ಅವರೊಬ್ಬರೇ. 

ಅದೇ ವಾರ ಪಕ್ಕದ ಮನೆಯವರು ಮದುವೆಗೆಂದು ಓಣಿಯಲ್ಲಿ ಹಂದರ ಹಾಕಿದರು. ಲಾರಿ ಬಾವಿಯ ಹತ್ತಿರದ ಸಪಾಟು ಜಾಗದಲ್ಲಿ ನಿಂತಿತು. ಬೆಳಿಗ್ಗೆ ನಾನು ನೀರಿಗೆ ಹೋದಾಗ ಗಂಡ ಲಾರಿಯ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ತಿರುವಿ ತಿರುವಿ ಬೆವರುತ್ತಿದ್ದರು. ಕೊನೆಗೆ ಇಂಜಿನ್ ಚಾಲೂ ಆಯಿತು. ಮೂಗು ಮುಚ್ಚಲು ಸೆರಗು ಎತ್ತಿದವಳು ಹಾಗೇ ನಿಂತೆ. ಒಂದಿಷ್ಟು ತೆಳು ಹೊಗೆ ಬಂದು ಹೋಯಿತು, ಅಷ್ಟೇ. ಹಂದರ ಬಿಚ್ಚಿದ ಮೇಲೆ ಲಾರಿ ಇಳಿಜಾರಿಗೆ ಮರಳಿತು. ಅಂಗಳದ ತುಂಬ ಮತ್ತೆ ಹೊಗೆ.

"ಇವತ್ತ ಸಂಜಿಕ ಬಾವಿ ಬಾಜೂಕ ನಿಲ್ಲಸ್ರಿ, ಇನ್ನೊಮ್ಮಿ ನೋಡೂಣು," ಎಂದೆ.

"ಯಾಕ, ನೀರ ಸೇದಾಕ ಲಾರಿ ಬೇಕೇನ ನಿನಗ?" ಎಂದು ಗಂಡ ನಕ್ಕರು. ಆದರೂ ನಿಲ್ಲಿಸಿದರು. ಬೆಳಿಗ್ಗೆ ಹೆಸರಿಗಷ್ಟೇ ಹೊಗೆ. ಆಗ ಅವರ ನಗು ನಿಂತಿತು.

ಮಾವನ ಎದುರು ಸೊಸೆ ಬಾಯಿ ಬಿಡುವ ಹಾಗಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳುವುದು, ಅತ್ತೆ ಅದನ್ನೇ ಮಾವನಿಗೆ ಹೇಳುವುದು, ಅಲ್ಲೇ ಕೂತ ಮಾವ ಎರಡೂ ಸಲ ಕೇಳಿಸಿಕೊಂಡು ಈಗಷ್ಟೇ ತಿಳಿದವರಂತೆ ಹುಬ್ಬೇರಿಸುವುದು. ಇಳಿಜಾರಿನಲ್ಲಿ ನಿಂತರಷ್ಟೇ ಹೊಗೆ ಎಂಬ ಮಾತೂ ಹಾಗೆಯೇ ಅವರಿಗೆ ಮುಟ್ಟಿತು.

"ಇಳಿಜಾರಿಗೂ ಹೊಗಿಗೂ ಏನ ಸಂಬಂಧ ಅಂತ ಕೇಳ ಆಕೀನ," ಎಂದರು ಅತ್ತೆಗೆ.

ಅದು ನನಗೂ ಗೊತ್ತಿರಲಿಲ್ಲ. "ಮಿಸ್ತ್ರಿ ಬಂದ ತಣ್ಣಗ ಇದ್ದಾಗ ಗಾಡಿ ನೋಡಲಿ ಅಂತ ಹೇಳ್ರಿ ಅತ್ತಿ," ಎಂದೆ, ಬೇಕೆಂದೇ ಗಟ್ಟಿಯಾಗಿ. ಮಾವ ಗೊಣಗಿದರು, ಆದರೆ ಮಿಸ್ತ್ರಿಯನ್ನು ಕರೆಸಿದರು.

ಮಿಸ್ತ್ರಿ ಸಂಜೆಯ ಬಸ್ಸಿಗೆ ಬಂದು ನಮ್ಮಲ್ಲೇ ಉಳಿದ. ಬೆಳಿಗ್ಗೆ ಇಳಿಜಾರಿನಲ್ಲಿದ್ದ ಲಾರಿಯನ್ನು ಚಾಲೂ ಮಾಡಲು ಬಿಡದೆ, ಬಾನೆಟ್ ಎತ್ತಿ, ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಮೂತಿಯ ಕಡೆಯ ಎರಡು ಎಣ್ಣೆಯಲ್ಲಿ ತೊಯ್ದಿದ್ದವು. ಉಳಿದವು ಒಣಗಿದ್ದವು.

"ರಿಂಗ್ ಹೋಗಿದ್ರ ಏರು ಹತ್ತೂವಾಗೂ ಹೊಗಿ ಬರ್ತಿತ್ತು ಯಜಮಾನ್ರ. ಇದು ವಾಲ್ವಿನ ಗೈಡ್, ಅಂದ್ರ ವಾಲ್ವ್ ಆಡೂ ಕೊಳವಿ, ಸವದೈತ್ರಿ. ಮೂತಿ ಕೆಳಗಾದ್ರ ಮ್ಯಾಲಿನ ಎಣ್ಣಿ ಮುಂದ ಸರದು, ರಾತ್ರಿಯೆಲ್ಲಾ ಅದರಾಗಿಂದ ಒಳಗ ಇಳಿತೈತಿ. ಮುಂಜಾನಿ ಅದ ಸುಡತೈತಿ. ನೋಡಲಾರದ ಹೇಳಿದ್ದು ನನ್ನ ತಪ್ಪರಿ."

ಪ್ಲಗ್ಗು ಹಾಕಿ ಚಾಲೂ ಮಾಡಿದಾಗ ಎಂದಿನಂತೆ ಹೊಗೆ ಬಂತು. ಇಂಜಿನ್ ಬಿಸಿಯಾದ ಮೇಲೆ ಮಿಸ್ತ್ರಿ ಎಷ್ಟು ಗುಡುಗಿಸಿದರೂ ಬರಲಿಲ್ಲ. ಮಾವ ಹಿಂದೆ ಹೋಗಿ ಹೊಗೆಕೊಳವೆಯ ಎದುರು ಅಂಗೈ ಹಿಡಿದು, ಮೂಸಿ ನೋಡಿದರು.

"ಇಂಜಿನ್ ಪೂರ್ತಿ ಬಿಚ್ಚೂದ ಬ್ಯಾಡ ಹಂಗಾರ?"

"ಮ್ಯಾಲಿನ ಹೆಡ್ ಅಷ್ಟ ತಗದು ಗೈಡ್ ಹಾಕಿದ್ರ ಸಾಕ್ರಿ. ಅಲ್ಲೀ ಮಟಾ ಸಪಾಟ ಜಾಗಾದಾಗ ನಿಲ್ಲಸ್ರಿ."

ಮಾವ ಅಂದೇ ಕಣಗಲಾಕ್ಕೆ ಹೇಳಿ ಕಳಿಸಿದರು, ಲಾರಿ ಕೊಡುವುದಿಲ್ಲ ಎಂದು. ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಕಣ್ಣೀರು ಹಾಕಿದೆ. ಅಷ್ಟು ಸುಖದ ಅಳು ನಾನು ಮತ್ತೆ ಅತ್ತಿದ್ದು ಕಡಿಮೆ.

ಗಂಡ ಬೆಲ್ಲ ತರಲು ಮೂಡಲಗಿಗೆ ಹೊರಟು ನಿಂತಿದ್ದರು. ಆ ಮನೆಯ ಹೆಂಗಸರು ಬೀಗರ ಊರಿಗೆ ಹೋದರೂ ಲಾರಿಯ ಹಿಂದೆ, ಚೀಲಗಳ ನಡುವೆ ಕೂತು ಹೋಗುವವರು. ಮಾವ ಓಣಿಯ ಕಡೆ ಮುಖ ಮಾಡಿಕೊಂಡೇ ಮಗನಿಗೆ ಹೇಳಿದರು:

"ಆಕೀನೂ ಕರ್ಕೊಂಡ ಹೋಗು. ಮುಂದ, ನಿನ್ನ ಬಾಜೂಕ ಕೂಡ್ರಸು. ಗಾಡಿಗೆ ಏನರೆ ಆದ್ರ ನಿನಗಿಂತ ಮೊದಲ ಆಕೀಗೆ ತಿಳಿತೈತಿ."

ನಾನು ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಹತ್ತಿ ಕೂತೆ.