ಫೆಕ್ಲಾ ಕಟ್ಟಿದ ಗಂಟು

ಬೆಳಿಗ್ಗೆ ಎದ್ದ ಫೆಕ್ಲಾ ಚಹಾಕ್ಕೆ ನೀರಿಡುವ ಮೊದಲು ಬಾಗಿಲು ತೆಗೆದು ಹೊರಗೆ ಹೋಗುತ್ತಾಳೆ. ಮೆಟ್ಟಿಲ ಮೇಲೆ ನಿಂತು ಗಾಳಿ ಯಾವ ಕಡೆಯದು, ಮೋಡ ಎಷ್ಟು ಕೆಳಗಿಳಿದಿದೆ, ನದಿಯ ಮೇಲೆ ಮಂಜು ಕೂತಿದೆಯೋ ಎದ್ದಿದೆಯೋ ನೋಡುತ್ತಾಳೆ. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಬರುತ್ತಾಳೆ. ಸೊಂಟದವರೆಗೆ ಹಿಮ ಬಿದ್ದ ದಿನವೂ, ಗಂಡನನ್ನು ಮಣ್ಣು ಮಾಡಿದ ಮರುದಿನವೂ ಇದು ತಪ್ಪಿದ್ದಿಲ್ಲ. ಎದ್ದ ಕೂಡಲೇ ಒಲೆಯ ಹತ್ತಿರ ಕೂತವರಿಗೆ ಲೋಕ ತಿಳಿಯುವುದಿಲ್ಲ ಎಂದು ತಾಯಿ ಹೇಳಿಕೊಟ್ಟದ್ದು. ಅಲಾಸ್ಕಾದ ಮೂಲನಿವಾಸಿಗಳಾದ ಯೂಪಿಕ್ ಜನರ ಮಕ್ಕಳೆಲ್ಲ ಕೇಳಿ ಬೆಳೆದ ಮಾತು.

ಆ ಆಗಸ್ಟಿನಲ್ಲಿ ಮಾತ್ರ ಅವಳು ಒಳಗೆ ಬಂದಾಗಲೆಲ್ಲ ಮುಖ ಗಂಟಾಗಿರುತ್ತಿತ್ತು. ಮಂಜು, ಇಲ್ಲವೇ ಗಾಳಿ, ಇಲ್ಲವೇ ಎರಡೂ. ವಿಮಾನ ಏಳುವಂತಿರಲಿಲ್ಲ. ಅಳಿಯನ ಜೊತೆ ಹೊರಡಬೇಕಿದ್ದ ಪ್ರಯಾಣ ಆಗಲೇ ಎರಡು ಸಲ ಮುಂದೆ ಹೋಗಿತ್ತು. ದೇವಮಾತೆಯ ಹಬ್ಬ ಹತ್ತಿರ ಬರುತ್ತಿತ್ತು, ಅಷ್ಟರೊಳಗೆ ಮರಳಿರಬೇಕು; ಇಗರ್ಜಿಯ ದೀಪದ ಕಂಬಗಳನ್ನು ಉಜ್ಜುವ ಪಾಳಿ ಅವಳದೇ.

ಅಳಿಯ ಕರ್ಟ್ ಮಿನ್ನೆಸೋಟದವನು. ಅಲಾಸ್ಕಾಕ್ಕೆ ಮೇಷ್ಟ್ರಾಗಿ ಬಂದು, ಡಿಲ್ಲಿಂಗ್‌ಹ್ಯಾಮಿನ ಶಾಲೆಯಲ್ಲಿ ಪಾಠ ಮಾಡುತ್ತ, ಫೆಕ್ಲಾಳ ಮಗಳು ಲ್ಯೂಬಾಳನ್ನು ಮದುವೆಯಾಗಿ ಇಲ್ಲೇ ಉಳಿದುಬಿಟ್ಟ. ಶಾಲೆಯವರು ಎತ್ತಿದ ಲಾಟರಿಯಲ್ಲಿ ಅವನ ಚೀಟಿ ಬಂತು: ನದಿಯ ಮೇಲಿನ ಕವಲಿನಲ್ಲಿರುವ ಮೀನುಗಾರಿಕೆಯ ಲಾಡ್ಜಿನಲ್ಲಿ ಇಬ್ಬರಿಗೆ ನಾಲ್ಕು ದಿನ. ಊಟ, ಹಾಸಿಗೆ, ದೋಣಿ, ಜೊತೆಗೆ ಮೀನಿರುವ ಕಡೆಗೆ ಕರೆದೊಯ್ಯುವ ಗೈಡು. ಲ್ಯೂಬಾಳಿಗೆ ಕೈಗೂಸು, ಹೊರಡುವಂತಿಲ್ಲ. "ಅತ್ತೆ, ನೀವು ಹುಟ್ಟಿದ ಜಾಗ ಅಲ್ವಾ ಅದು? ನೀವೇ ಬನ್ನಿ" ಎಂದ ಕರ್ಟ್.

ಫೆಕ್ಲಾ ಅಷ್ಟು ಬೇಗ ಹೂಂ ಅಂದದ್ದು ಅಕ್ಕನಿಗಾಗಿ.

ಅಕ್ಕ ಅಕುಲಿನಾ ಊರಿನ ವೃದ್ಧರ ಮನೆಯಲ್ಲಿದ್ದಳು. ಹಲ್ಲು ಹೋಗಿತ್ತು, ನಾಲಿಗೆಯ ಚುರುಕು ಹೋಗಿರಲಿಲ್ಲ. ಚಳಿಗಾಲ ಕಳೆದಾಗಿನಿಂದ ಅವಳು ಸರಿಯಾಗಿ ಉಣ್ಣುತ್ತಿರಲಿಲ್ಲ. ಅಲ್ಲಿಯ ಸೂಪನ್ನು "ಕಾಗದ ನೆನೆಸಿದ ನೀರು" ಎಂದು ದೂರ ತಳ್ಳುವಳು. ತಂಗಿ ಮನೆಯಿಂದ ಮೀನು ಬೇಯಿಸಿ ಒಯ್ದರೆ ಅದೂ ಬೇಡ. "ಕಡಲ ಬಾಯಲ್ಲಿ ಹಿಡಿದ ಮೀನು, ಎಣ್ಣೆ ಎಣ್ಣೆ. ನಮ್ಮ ಕವಲಿನ ಕೆಂಪು ಸಾಲ್ಮನ್ ತಾ. ಅಷ್ಟು ದೂರ ಈಜಿ, ಮೊಟ್ಟೆ ಇಟ್ಟು, ಕೊಬ್ಬೆಲ್ಲ ಕರಗಿಸಿಕೊಂಡಿರುತ್ತಲ್ಲ, ಅದು. ಅದರ ತಲೆ ಸಾರು ಕೊಟ್ಟರೆ ಉಣ್ತೀನಿ" ಎನ್ನುವಳು. ಆ ಕವಲಿಗೆ ಹೋಗುವಂಥ ದೋಣಿ ಬಂಧುಬಳಗದಲ್ಲಿ ಯಾರ ಬಳಿಯೂ ಉಳಿದಿರಲಿಲ್ಲ. ಈಗ ವಿಮಾನವೇ ಬಂದು ಕರೆಯುತ್ತಿದೆ. "ತರ್ತೀನಿ ಅಕ್ಕ" ಎಂದು ಫೆಕ್ಲಾ ಮಾತು ಕೊಟ್ಟಿದ್ದಳು.

ಹವೆ ತಿಳಿಯಾಗುವ ಲಕ್ಷಣ ಕಂಡ ದಿನ ಕರ್ಟ್ ಬಚ್ಚಲಿನ ತೂಕದ ಯಂತ್ರವನ್ನು ತಂದು ಅಡುಗೆಮನೆಯ ನಡುವೆ ಇಟ್ಟ. ನೀರಿನ ಮೇಲಿಳಿಯುವ ಪುಟ್ಟ ವಿಮಾನ. ತಲೆಗೆ ಒಂದೇ ಬ್ಯಾಗು, ಅದೂ ಮೆತ್ತನೆಯದು, ತೂಕ ಇಷ್ಟೇ ಎಂದು ಲಾಡ್ಜಿನವರ ಕಟ್ಟಪ್ಪಣೆ.

"ಮೊದಲು ನೀವು ನಿಂತ್ಕೊಳ್ಳಿ ಅತ್ತೆ. ಜನರ ತೂಕನೂ ಹೇಳ್ಬೇಕಂತೆ."

"ನನ್ನನ್ಯಾಕೆ ತೂಗ್ತೀಯಪ್ಪ? ಮಾರ್ತೀಯಾ?"

"ನಿಂತ್ಕೋ ಅಮ್ಮ ಸುಮ್ನೆ" ಎಂದಳು ಲ್ಯೂಬಾ, ಮಗುವಿಗೆ ಹಾಲು ಕೊಡುತ್ತ. "ಮಾರಿದ್ರೂ ಕೊಳ್ಳೋರು ಯಾರೂ ಇಲ್ಲ."

ಆಮೇಲೆ ಎದೆಮಟ್ಟದ ರಬ್ಬರು ಚಲ್ಲಣದ ಸರದಿ. ನದಿಯಲ್ಲಿ ನಿಲ್ಲಲು ಅದು ಬೇಕೇ ಬೇಕು ಎಂದು ಕರ್ಟ್ ಸಹೋದ್ಯೋಗಿಯೊಬ್ಬನಿಂದ ಕೇಳಿ ತಂದಿದ್ದ. ಫೆಕ್ಲಾ ಗಿಡ್ಡ ಹೆಂಗಸು. ಚಲ್ಲಣ ಗದ್ದದವರೆಗೆ ಬಂತು, ಕಾಲಿನ ಕಡೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ಲ್ಯೂಬಾ ನಗು ತಡೆಯಲಾರದೆ, "ಅಯ್ಯೋ ಅಮ್ಮ, ಥೇಟ್ ಸೀಲು! ಬೇಟೆಗಾರರ ಕಣ್ಣಿಗೆ ಬೀಳ್ಬೇಡ" ಎಂದಳು.

"ನಮ್ಮಮ್ಮ ಬರಿಗಾಲಲ್ಲಿ ಇಳಿದು ಬಲೆ ಎಳೀತಿದ್ಲು" ಎಂದು ಗೊಣಗುತ್ತ ಫೆಕ್ಲಾ ಅದರಿಂದ ಹೊರಬರಲು ಒದ್ದಾಡಿದಳು. ಒಂದು ಕಾಲು ಸಿಕ್ಕಿಕೊಂಡಿತು. ಅಳಿಯ ಎಳೆದ, ಮಗಳು ಎಳೆದಳು, ಮಗು ಅಳತೊಡಗಿತು.

ಅವಳ ಬ್ಯಾಗು ತೂಕದ ಮೇಲೆ ಬಂದಾಗ ಮುಳ್ಳು ಮಿತಿ ದಾಟಿ ಎಲ್ಲೋ ಹೋಯಿತು. ಕರ್ಟ್ ಜಿಪ್ಪು ತೆಗೆದು ನೋಡಿದ. ಒಂದು ಸ್ವೆಟರು, ಒಂದು ಮಳೆಯಂಗಿ. ಉಳಿದದ್ದೆಲ್ಲ ಮೀನು ಕೆಲಸದ ಸಾಮಾನು: ಅರ್ಧಚಂದ್ರದ ಕತ್ತಿ, ಅದನ್ನು ಮಸೆಯುವ ಕಲ್ಲು, ಹಗ್ಗ, ಟಾರ್ಪಾಲು, ಮುಚ್ಚಳದ ಬಕೆಟ್ಟು. ಬಕೆಟ್ಟಿನೊಳಗೆ ಒಣಮೀನು ಮತ್ತು ಸೀಲ್ ಪ್ರಾಣಿಯ ಕೊಬ್ಬು ಕರಗಿಸಿದ ಎಣ್ಣೆಯ ಒಂದು ದೊಡ್ಡ ಬಾಟಲಿ.

"ಎಣ್ಣೆ ಬೇಡ ಅತ್ತೆ. ವಿಮಾನದಲ್ಲಿ ಒಡೆದ್ರೆ ಆ ವಾಸನೆ ಈ ಜನ್ಮಕ್ಕೆ ಹೋಗಲ್ಲ. ಕರಡಿ ಬರುತ್ತೆ."

"ಬಂದ್ರೆ ಅದಕ್ಕೂ ಒಂದು ತುಂಡು ಕೊಡೋಣ. ಬೇರೆಯವರ ಮನೆಗೆ ಬರಿಗೈಲಿ ಹೋಗೋದಾ?"

"ಅದು ಮನೆ ಅಲ್ಲ, ಲಾಡ್ಜು."

"ಊಟ ಹಾಕ್ತಾರೆ ಅಂದೆಯಲ್ಲ?"

ಕರ್ಟ್ ಹಣೆ ಒರೆಸಿಕೊಂಡ. ಎಣ್ಣೆ ಹೊರಗೆ ಬಂತು. ಕಲ್ಲು ಬಂತು, ಟಾರ್ಪಾಲು ಬಂತು. ಒಂದೊಂದು ಹೊರಬಂದಾಗಲೂ ಫೆಕ್ಲಾಳ ತುಟಿ ಬಿಗಿಯಾಯಿತು. ಅಳಿಯನ ಗಾಳಕೋಲುಗಳು ಮೂರು, ಪುಕ್ಕ ಮತ್ತು ದಾರದಿಂದ ಕಟ್ಟಿದ ಹುಸಿ ಹುಳುಗಳ ಡಬ್ಬಿಗಳು, ಕ್ಯಾಮೆರಾ, ಅದರ ಕಾಲು, ಇವೆಲ್ಲ ಬಾಗಿಲ ಬಳಿ ಸಾಲಾಗಿ ನಿಂತಿದ್ದವು.

"ನನ್ನ ಕಲ್ಲು ಭಾರ, ನಿನ್ನ ಕಡ್ಡಿಗಳು ಹಗುರ! ಒಂದು ನದಿಗೆ ಮೂರು ಕೋಲು ಯಾಕೋ? ನಿನಗೆ ಕೈ ಇರೋದು ಎರಡು."

ಅವನು ತಳದಲ್ಲಿದ್ದ ಬಟ್ಟೆಯ ಚೀಲವನ್ನು ಎತ್ತಿದ. ಕಲ್ಲುಪ್ಪು. "ನಾಲ್ಕು ದಿನಕ್ಕೆ ಇಷ್ಟು ಉಪ್ಪು ಯಾಕೆ ಅತ್ತೆ? ಅಲ್ಲಿಂದ ಮೀನು ತರೋ ಹಾಗಿಲ್ವಲ್ಲ."

ಫೆಕ್ಲಾ ಬಗ್ಗಿದವಳು ಹಾಗೇ ನಿಂತಳು. "ಏನಂದೆ?"

"ಹಿಡಿದದ್ದೆಲ್ಲ ನೀರಿಗೆ ಬಿಡಬೇಕು. ಅದೇ ಅಲ್ಲಿಯ ನಿಯಮ."

"ಅಕ್ಕನಿಗೆ ಒಂದು."

"ಒಂದೂ ಇಲ್ಲ ಅತ್ತೆ." ಅವನ ದನಿಯೂ ಏರಿತು. "ಇದೇ ನದಿ ದಡದಲ್ಲಿ ಬಾಳಿದೀರಿ, ಸುತ್ತ ಇಷ್ಟು ಲಾಡ್ಜುಗಳಿವೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ!"

"ಬಿಡೋರು ಬಿಡ್ತಾರೆ ಅಂತ ಗೊತ್ತು. ಬಿಡಲೇಬೇಕು ಅನ್ನೋದು ಗೊತ್ತಿರಲಿಲ್ಲ." ಅವಳು ಕುರ್ಚಿ ಎಳೆದು ಕೂತಳು. "ಬಾಯಿಗೆ ಕೊಕ್ಕೆ ಚುಚ್ಚಿ, ದಣಿಯೋವರೆಗೆ ಎಳೆದಾಡಿ, ಫೋಟೋ ತೆಗೆದು, ಹೋಗು ಅನ್ನೋದು."

"ಅದು ಸಾಯಬಾರದು ಅಂತಾನೇ ಬಿಡೋದು. ಮೀನು ಉಳೀಲಿ ಅಂತ."

"ಅನ್ನದ ಜೊತೆ ಆಟ ಆಡಬೇಡ ಅಂತ ನಾಳೆ ಈ ಮಗುವಿಗೆ ಹೇಳಿಕೊಡ್ತೀಯಾ ಇಲ್ವಾ?"

ಲ್ಯೂಬಾ ಗಂಡನ ಮುಖ, ತಾಯಿಯ ಮುಖ ನೋಡಿ, ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಇಬ್ಬರೂ ಸರಿ ಎಂದು ಅನ್ನಿಸಿದಾಗ ಅವಳು ಮಾಡುವುದೇ ಅದು. ಮೀನು ತಾನಾಗಿ ಮನುಷ್ಯರ ಬಳಿ ಬರುತ್ತದೆ, ಹಸಿದವರಿಗೆಂದು ಬರುತ್ತದೆ, ಅದನ್ನು ಗೇಲಿ ಮಾಡಿದರೆ ಮುನಿದು ಮತ್ತೆ ಬರುವುದಿಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಕರ್ಟ್ ಕೂಡ ಕೇಳಿದ್ದ. ಕೇಳಿ, ಹಿರಿಯರ ಒಳ್ಳೆಯ ಮಾತು ಎಂದು ಒಂದು ಕಡೆ ಎತ್ತಿಟ್ಟಿದ್ದ.

ಸಂಜೆ ಫೆಕ್ಲಾ ಅಕ್ಕನಿಗೆ ನಿಜ ಹೇಳಿಬಿಡೋಣವೆಂದು ವೃದ್ಧರ ಮನೆಗೆ ಹೋದಳು. ಅಕುಲಿನಾ ಮಂಚದ ಮೇಲೆ ಎದ್ದು ಕೂತಿದ್ದಳು. ಆರೈಕೆಯ ಹುಡುಗಿಯಿಂದ ತಲೆ ಬಾಚಿಸಿಕೊಂಡಿದ್ದಳು.

"ಇನ್ನೂ ಇಲ್ಲೇ ಇದೀಯಾ? ಮೀನು ತಾನೇ ನಡ್ಕೊಂಡು ನಿನ್ನ ಬಾಗಿಲಿಗೆ ಬರುತ್ತೆ ಅಂದ್ಕೊಂಡ್ಯಾ?"

"ಮಂಜು ಇತ್ತು ಅಕ್ಕ."

"ಮಂಜಿಗೆ ಹೆದರಿದ್ರೆ ನಾವು ಹುಟ್ತಾನೇ ಇರಲಿಲ್ಲ. ನೋಡು, ಅಡುಗೆಯವಳ ಹತ್ರ ದೊಡ್ಡ ಪಾತ್ರೆ ಕೇಳಿಟ್ಟಿದೀನಿ. ಈ ಸಾಲಿನ ಎಲ್ಲ ಮುದುಕಿಯರಿಗೂ ಒಂದೊಂದು ಬಟ್ಟಲು. ಕಣ್ಣು ಮಾತ್ರ ನನಗೆ." ಮೀನಿನ ಕಣ್ಣೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಜೀವ. ಅದನ್ನು ಹೇಳುವಾಗ ಅವಳ ಗಲ್ಲಕ್ಕೆ ತುಸು ಬಣ್ಣ ಬಂದಿತ್ತು.

ಫೆಕ್ಲಾ ಹೇಳಬೇಕೆಂದುಕೊಂಡದ್ದನ್ನು ನುಂಗಿಕೊಂಡು ಮನೆಗೆ ಬಂದಳು. ದೇವರ ಮೂಲೆಯಲ್ಲಿ ದೀಪ ಹಚ್ಚಿ ನಿಂತಳು. ಮೀನು ಕೊಡು ಎಂದು ಕೇಳಲಿಲ್ಲ, ಸಿಟ್ಟು ಇಳಿಸು ಎಂದಷ್ಟೇ ಬೇಡಿಕೊಂಡಳು. ಅದು ಇಳಿಯಲಿಲ್ಲ. ಆಮೇಲೆ ಬ್ಯಾಗಿನಿಂದ ಸ್ವೆಟರನ್ನು ತೆಗೆದು, ಆ ಜಾಗಕ್ಕೆ ಉಪ್ಪಿನ ಚೀಲವನ್ನು ಮತ್ತೆ ತುರುಕಿದಳು. ಲಾಡ್ಜಿನ ಯಜಮಾನನನ್ನು ಎದುರೆದುರೇ ಕೇಳುವುದು. ಅವನಿಗೂ ಅಕ್ಕನೋ ಅಮ್ಮನೋ ಇರಬೇಕಲ್ಲ.

ಮರುದಿನ ಆಕಾಶ ತೆರೆದಿತ್ತು. ಕೆರೆಯ ಕಟ್ಟೆಗೆ ಕಟ್ಟಿದ್ದ ವಿಮಾನದ ಪಕ್ಕ ಯಜಮಾನ ಡೇಲ್ ತಾನೇ ನಿಂತಿದ್ದ. ವಿಮಾನ ಹಾರಿಸುವವನೂ ಅವನೇ. ನಗುಮುಖದ, ದೊಡ್ಡ ಕೈಗಳ ಮನುಷ್ಯ. ತೂಗುವ ಕೊಕ್ಕೆಗೆ ಕರ್ಟ್‌ನ ಬ್ಯಾಗು ಹಾಕಿ ತಲೆಯಾಡಿಸಿದ. ಫೆಕ್ಲಾಳದ್ದನ್ನು ಹಾಕಿ, "ಏನಜ್ಜಿ, ಬಂಡೆ ತಂದಿದೀರಾ? ನಮ್ಮ ನದೀಲಿ ಬೇಕಾದಷ್ಟಿದೆ" ಎಂದು ನಕ್ಕ.

"ಉಪ್ಪು" ಎಂದಳು ಫೆಕ್ಲಾ. "ನನಗೆ ಒಂದು ಕೆಂಪು ಮೀನು ಬೇಕು. ಮೊಟ್ಟೆ ಇಟ್ಟಾದದ್ದು. ನಿಮ್ಮವರ್ಯಾರೂ ಅದನ್ನ ತಿನ್ನಲ್ಲ. ನಾನೇ ಹಿಡ್ಕೋತೀನಿ."

ಡೇಲ್‌ನ ನಗು ಸ್ವಲ್ಪ ಇಳಿಯಿತು. "ಅಜ್ಜಿ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ. ಆ ಮೀನುಗಳಿಂದಾನೇ ನಮ್ಮ ಲಾಡ್ಜು. ಒಂದು ದೊಡ್ಡ ಟ್ರೌಟ್ ಮೀನಿದೆ, ತುಟಿ ಹರಿದಿದೆ, ಅದರಿಂದ್ಲೇ ಗುರುತು. ಈ ಬೇಸಿಗೇಲಿ ಮೂರು ಸಲ ಸಿಕ್ಕಿಬಿತ್ತು. ಹಳೇ ಸ್ನೇಹಿತನ ಹಾಗೆ ಆಗ್ಬಿಟ್ಟಿದೆ!"

ಕರ್ಟ್ ಡೇಲ್‌ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. ಅಕುಲಿನಾಳ ವಿಷಯ, ಅವಳು ಉಣ್ಣದ ವಿಷಯ, ಅಡುಗೆಯವಳಿಂದ ಕೇಳಿಟ್ಟ ಪಾತ್ರೆಯ ವಿಷಯ, ಎಲ್ಲವನ್ನೂ ಹೇಳುತ್ತಿರುವುದು ಫೆಕ್ಲಾಳಿಗೆ ಕೇಳಿಸಿತು. ಹುಡುಗ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ.

ಡೇಲ್ ಟೋಪಿ ಸರಿಸಿಕೊಂಡು ವಾಪಸು ಬಂದ. ದನಿ ತಗ್ಗಿಸಿದ.

"ಒಂದು ಕೆಲಸ ಮಾಡೋಣ ಅಜ್ಜಿ. ಕೆಲವು ಮೀನು ಕೊಕ್ಕೆನ ಕಿವಿರಿನವರೆಗೆ ನುಂಗಿಬಿಡ್ತವೆ. ರಕ್ತ ಸುರಿಯುತ್ತೆ, ಬಿಟ್ಟರೂ ಬದುಕಲ್ಲ. ಅಂಥ ಕೆಂಪು ಮೀನು ಸಿಕ್ಕರೆ ನಿಮಗೆ ಎತ್ತಿಡೋಕೆ ಗೈಡಿಗೆ ಹೇಳ್ತೀನಿ. ಬೇರೆ ಅತಿಥಿಗಳ ಕಿವಿಗೆ ಬೀಳೋದು ಬೇಡ. ನಿಮಗೋಸ್ಕರ ಮಾತ್ರ."

ಕರ್ಟ್‌ನ ಮುಖ ಅರಳಿತು. "ನೋಡಿದ್ರಾ ಅತ್ತೆ! ಆಗಿಹೋಯ್ತು."

ಫೆಕ್ಲಾ ನೀರಿನ ಕಡೆ ನೋಡಿದಳು. ಆ ಮೀನಿನ ಸಾರು ಕೊಟ್ಟರೆ ಅಕ್ಕ ಬಟ್ಟಲು ಎತ್ತಿ ಒಂದು ಗುಟುಕು ಕುಡಿದು, "ಹೇಗೆ ಸಿಕ್ತೇ?" ಎಂದು ಕೇಳುತ್ತಾಳೆ. ಕೇಳದೆ ಉಂಡವಳೇ ಅಲ್ಲ. ಫೆಕ್ಲಾ ಮುಂದೆ ಬಂದು, ತೂಗುವ ಕೊಕ್ಕೆಯಿಂದ ತನ್ನ ಬ್ಯಾಗನ್ನು ಎರಡೂ ಕೈಯಿಂದ ಬಿಡಿಸಿಕೊಂಡಳು.

"ಬೇಡಪ್ಪ."

"ಯಾಕಜ್ಜಿ? ಪುಕ್ಕಟೆ ಕೊಡ್ತಿರೋದು. ಅದು ಹೇಗೂ ಸಾಯೋ ಮೀನೇ."

"ಅದಕ್ಕೇ ಬೇಡ" ಎಂದಳು ಫೆಕ್ಲಾ. "ಆಟ ಆಡಿ ಸಾಯಿಸಿದ್ದನ್ನ ನನ್ನ ಅಕ್ಕನ ಬಾಯಿಗೆ ಹಾಕಲಾರೆ. ನಿಮ್ಮ ಒಳ್ಳೇ ಮನಸ್ಸು ದೊಡ್ಡದು, ಅದನ್ನ ನೀವೇ ಇಟ್ಕೊಳ್ಳಿ." ಆಮೇಲೆ ಅಳಿಯನ ಕಡೆ ತಿರುಗಿ, "ನೀನು ಹೋಗಿ ಬಾ ಮಗಾ. ನನ್ನ ತೂಕ ಉಳೀತಲ್ಲ, ಇನ್ನೂ ಎರಡು ಕೋಲು ತಗೊಂಡು ಹೋಗು" ಎಂದಳು.