ಕೆಲಸದಣ್ಣ

ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಊರಿನೊಳಗೇ ಒಂದು ಕೆಲಸ ಹುಡುಕಿಕೊಡುವುದು ಅಂಥವರು ಹಗಲು ಹೊತ್ತು ಬಂದಿದ್ದು ಹೋಗುವ ಕೇಂದ್ರದ 'ಕೆಲಸದಣ್ಣ'ನ ಉದ್ಯೋಗ. ಬೀದಿಯ ತುದಿಯಲ್ಲಿ ಅವನ ತಲೆ ಕಂಡರೆ ಸಾಕು, ಅಂಗಡಿಯವರಿಗೆಲ್ಲ ಎಲ್ಲಿಲ್ಲದ ಅವಸರ. ಇಸ್ತ್ರಿಯವನು ಉಜ್ಜಿಟ್ಟ ಬಟ್ಟೆಯನ್ನೇ ಮತ್ತೆ ಉಜ್ಜುತ್ತಾನೆ, ಔಷಧಿ ಅಂಗಡಿಯವರು ಸುಮ್ಮಸುಮ್ಮನೆ ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ಅವನಿಗೆ ಬೇಸರವೆಂಬುದೇ ಇಲ್ಲ. ಗಿರಾಕಿಗಳು ಹೋಗುವವರೆಗೆ ಮೂಲೆಯಲ್ಲಿ ನಿಂತಿದ್ದು, ತಕ್ಕಡಿಯನ್ನೋ ಕನ್ನಡಿಯನ್ನೋ ಹೊಗಳಿ, "ಒಂದು ವಾರ ಇಟ್ಕೊಂಡು ನೋಡಿ ಸಾರ್, ಹೆಚ್ಚುಕಮ್ಮಿ ಆದ್ರೆ ನನ್ನ ಕೇಳಿ" ಎನ್ನುತ್ತಾನೆ. ಬೈದು ಕಳಿಸಿದವರಿಗೂ ಮರುದಿನ ನಮಸ್ಕಾರ ಹೊಡೆಯುತ್ತಾನೆ. ಮೊನ್ನೆ ಬೇಕರಿಯ ಮುಂದೆ ಆಳು ಬೇಕೆಂಬ ಬೋರ್ಡು ಕಂಡು, ಕೇಂದ್ರದಲ್ಲಿ ಎಲ್ಲರೂ ಅಕ್ಕ ಎನ್ನುವ ಹೆಂಗಸನ್ನು ಕರೆತಂದು, ಬಾಗಿಲಾಚೆ ನಿಲ್ಲಿಸಿ, ಒಳಗೆ ಹೋಗಿ ಕೇಳಿದ. ಯಜಮಾನರು ನಕ್ಕರು. "ನೀವೇ ಬನ್ನಿ, ಕಣ್ಮುಚ್ಕೊಂಡು ಗಲ್ಲಾ ಕೊಡ್ತೀನಿ. ಆ ಹುಚ್ಚರ ಸಹವಾಸ ಮಾತ್ರ ಬೇಡಪ್ಪ!" ಇವನೂ ಅದೇ ಕೇಂದ್ರದಲ್ಲಿ ವರ್ಷಗಟ್ಟಲೆ ಗೋಡೆ ನೋಡುತ್ತ ಕೂತಿದ್ದವನು, ಇಂದಿಗೂ ಮಾತ್ರೆ ನುಂಗಿಯೇ ಮನೆ ಬಿಡುವವನು. "ನಾನೂ ಅವರಲ್ಲೊಬ್ಬ ಸಾರ್" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ನಾಳೆಯಿಂದ ಯಾವ ಅಂಗಡಿಯವರೂ ಮೆಟ್ಟಿಲು ಹತ್ತಿಸುವುದಿಲ್ಲ ಎನ್ನಿಸಿ, ಯಜಮಾನರ ಜೊತೆ ತಾನೂ ನಕ್ಕುಬಿಟ್ಟ. ಹೊರಗೆ ಬಂದು, "ಆಗ್ಲೇ ಆಳು ಸಿಕ್ಬಿಟ್ರಂತೆ ಅಕ್ಕ" ಎಂದ. ಬೇಕರಿಯ ಬಾಗಿಲು ತೆರೆದೇ ಇತ್ತು. ಅಕ್ಕನಿಗೆ ಎಲ್ಲವೂ ಕೇಳಿಸಿತ್ತು, ಅವನ ನಗುವೂ. "ಹೋಗ್ಲಿ ಬಿಡಪ್ಪ, ನೀನಾದ್ರೂ ಒಬ್ಬ ಅವರ ಕಡೆಗೆ ದಾಟ್ಕೊಂಡ್ಯಲ್ಲ" ಎಂದು ಅವಳು ಮುಂದೆ ನಡೆದಳು. ಅವಳ ಜೊತೆ ಹೆಜ್ಜೆ ಹಾಕಲು ಅವನಿಗೆ ಮುಖವಿರಲಿಲ್ಲ.