ಹನ್ನೆರಡು ದಾಟದ ಮಗಳು

ಮದುವೆಯೇ ಆಗದ ರೇಟಮ್ಮನಿಗೆ ಒಬ್ಬ ಗಂಡನೂ ಇಬ್ಬರು ಮಕ್ಕಳೂ ಇದ್ದರು. ಗಂಡ ಹಲ್ಲಿನ ಡಾಕ್ಟರು. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಏಳು. ಇದೇನೂ ಗುಟ್ಟಾಗಿರಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಮನೆಯಲ್ಲಿ ಅಕ್ಕನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಇವರೆಲ್ಲ ಬರೀ ಕಟ್ಟುಕಥೆ ಎಂದು ಗೊತ್ತಾಗಬಾರದಿದ್ದದ್ದು ಒಂದೇ ಬಗೆಯ ಜನಕ್ಕೆ: ದೇಶದೇಶಗಳಲ್ಲಿ ಕೂತು ಇಂಟರ್ನೆಟ್ ಕನೆಕ್ಷನ್ ಮಾರುವವರಿಗೆ.

ಅವಳ ಕೆಲಸವೇ ಅಂಥದ್ದು. ಮನೆಗೆ ಇಂಟರ್ನೆಟ್ ಹಾಕಿಸಲು ಯಾವ ದೇಶದಲ್ಲಿ ಎಷ್ಟು ಬೀಳುತ್ತದೆ, ಜಗತ್ತಿನ ಯಾವ ಭಾಗದಲ್ಲಿ ಬೆಲೆ ಇಳಿಯುತ್ತಿದೆ, ಎಲ್ಲಿ ಏರುತ್ತಿದೆ ಎಂದು ಹೋಲಿಸಿ ವರ್ಷಕ್ಕೊಂದು ದಪ್ಪನೆಯ ವರದಿ ತರುವ ಆಫೀಸು ಅದು. ಕಂಪನಿಗಳು ವೆಬ್‌ಸೈಟಿನಲ್ಲಿ ಹಾಕಿಕೊಳ್ಳುವ ಬೆಲೆಯನ್ನು ನಂಬುವಷ್ಟು ಹಸುಗೂಸುಗಳು ಅಲ್ಲಿ ಯಾರೂ ಇರಲಿಲ್ಲ. ಗಿರಾಕಿಯ ಹಾಗೆ ಫೋನ್ ಮಾಡಿಯೇ ಕೇಳಬೇಕು. "ನಾವು ನಿಮ್ಮ ಊರಿಗೆ ಬರ್ತಾ ಇದ್ದೀವಿ. ನಾನು, ನಮ್ಮ ಯಜಮಾನ್ರು, ಇಬ್ಬರು ಮಕ್ಕಳು. ನಮಗೆ ಯಾವ ಪ್ಲ್ಯಾನ್ ಸರಿಹೋಗುತ್ತೆ?" ಹೀಗೆ ಕೇಳಿ ಕೇಳಿಯೇ ಅವಳಿಗೆ ರೇಟಮ್ಮ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಆಫೀಸಿನ ಮೂಲೆಯಲ್ಲಿ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಒಂದು ಸಣ್ಣ ಕೋಣೆ. ಒಂದು ಕುರ್ಚಿ, ಒಂದು ಫೋನು, ಸದ್ದು ಮಾಡುವ ಒಂದು ಫ್ಯಾನು. ಅಲ್ಲಿ ಕೂತು ರೇಟಮ್ಮ ತನ್ನ ಸಂಸಾರವನ್ನು ಭೂಮಿಯ ಸುತ್ತ ತಿರುಗಿಸಿದ್ದಳು. ಚಳಿಯ ದೇಶಗಳಲ್ಲಿ ಫೈಬರ್ ಎನ್ನುವ ಗಾಜಿನ ತಂತಿ ಮನೆಯ ಗೋಡೆಯವರೆಗೂ ಬರುತ್ತದೆ, ಬೆಲೆಯೂ ಅಗ್ಗ. ಅಲ್ಲಿನವರು ಬೆಲೆ ಹೇಳಿ ಫೋನ್ ಇಟ್ಟುಬಿಡುತ್ತಾರೆ, ಮಾತಿಗೂ ತೆರಿಗೆ ಇದೆಯೇನೋ ಎನ್ನುವ ಹಾಗೆ. ಇನ್ನೊಂದು ಕಡೆ ತಂತಿಯ ಸುದ್ದಿ ಎತ್ತಿದರೆ ನಗುತ್ತಾರೆ. ಎಲ್ಲವೂ ಮೊಬೈಲಿನಲ್ಲೇ, ಅದೂ ಶಾಂಪೂ ಪೊಟ್ಟಣದ ಹಾಗೆ ಇವತ್ತಿಗೊಂದು ನಾಳೆಗೊಂದು. ಮತ್ತೊಂದು ಕಡೆ ಇಂಟರ್ನೆಟ್ ಒಂದೇ ಸಾಕು ಅಂದರೆ ಕೇಳುವವರೇ ಇಲ್ಲ, ಟೀವಿಯನ್ನೂ ಮನೆಯ ಫೋನನ್ನೂ ಜೊತೆಗೆ ಗಂಟುಹಾಕಿಯೇ ಕೊಡುತ್ತಾರೆ. ಇನ್ನು ಕೆಲವು ಕಡೆ ಮೊದಲು ಹೇಳುವ ಬೆಲೆ ಬರೀ ಅಲಂಕಾರ. "ಯಜಮಾನ್ರನ್ನ ಕೇಳಿ ಹೇಳ್ತೀನಿ" ಎಂದು ಒಂದು ಸಲ ನಿಟ್ಟುಸಿರು ಬಿಟ್ಟರೆ ಸಾಕು, ಅದು ಅರ್ಧಕ್ಕೆ ಇಳಿಯುತ್ತದೆ. ಆ ಗಂಡನಿಂದ ಆದ ಉಪಕಾರ ಇದೊಂದೇ ಎಂದು ಅಕ್ಕ ಹೇಳುತ್ತಿದ್ದಳು.

ಈ ಅಕ್ಕ, ರೇಟಮ್ಮನ ಒಡಹುಟ್ಟಿದವಳು, ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡ ದರ್ಜಿ. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆಗೇ ಇದ್ದಳು. ಸಂಜೆ ತಂಗಿ ಚಪ್ಪಲಿ ಬಿಡುವ ಮೊದಲೇ ಬಾಯಲ್ಲಿನ ಗುಂಡುಪಿನ್ನು ತೆಗೆದು ಕೇಳುತ್ತಿದ್ದಳು: "ಏನೇ, ಇವತ್ತು ಯಾವ ದೇಶಕ್ಕೆ ಹೋಯ್ತು ನಿನ್ನ ಸಂಸಾರ? ಮಕ್ಕಳಿಗೆ ಊಟ ಆಯ್ತಂತಾ?"

ಈ ಸಂಸಾರಕ್ಕೆ ಒಂದು ಕಟ್ಟುನಿಟ್ಟು ಇತ್ತು. ಮಕ್ಕಳು ಬೆಳೆಯಬಾರದು. ಅವಳು ಕೆಲಸಕ್ಕೆ ಸೇರಿದ ದಿನವೇ ಮ್ಯಾನೇಜರು ಹೇಳಿದ್ದರು: "ನೋಡಮ್ಮ, ಇದು ತೂಕದ ಕಲ್ಲು. ಹೋದ ವರ್ಷ ಒಂದು ಕಲ್ಲು, ಈ ವರ್ಷ ಇನ್ನೊಂದು ಕಲ್ಲು ಇಟ್ಟು ತೂಗಿದ್ರೆ ಬೆಲೆ ಏರಿದ್ದು ಯಾವುದು, ಕಲ್ಲು ಸವೆದದ್ದು ಯಾವುದು ಅಂತ ಗೊತ್ತಾಗುತ್ತಾ?" ಮಾತು ಸರಿಯೇ. ಹನ್ನೆರಡರ ಹುಡುಗಿಗೆ ಬೇಕಾಗುವ ಇಂಟರ್ನೆಟ್ ಬೇರೆ, ಇಪ್ಪತ್ತರ ಹುಡುಗಿಗೆ ಬೇರೆ. ಹಾಗಾಗಿ ರೇಟಮ್ಮನ ಕೂದಲು ನರೆಯಿತು, ಕನ್ನಡಕ ದಪ್ಪವಾಯಿತು, ಮ್ಯಾನೇಜರ ತಲೆ ಬೋಳಾಯಿತು. ಮಗಳಿಗೆ ಮಾತ್ರ ಹನ್ನೆರಡು ದಾಟಲಿಲ್ಲ.

ಎರಡನೆಯ ಕಟ್ಟುನಿಟ್ಟು ಇನ್ನೂ ಬಿಗಿ. ತಾನು ಯಾರೆಂದು ಎಂದೂ ಹೇಳಬಾರದು. ಹೇಳಿದರೆ ಆ ದೇಶದ ಸಾಲು ವರದಿಯಲ್ಲಿ ಖಾಲಿ, ಹೇಳಿದವರ ಕುರ್ಚಿಯೂ ಖಾಲಿ ಎಂದು ಮ್ಯಾನೇಜರು ನಗುತ್ತಲೇ ಹೇಳಿದ್ದರು. ನಗುತ್ತಾ ಹೇಳುವ ಮ್ಯಾನೇಜರುಗಳನ್ನೇ ಹೆಚ್ಚು ನಂಬಬೇಕು.

ದೂರದ ಸಮುದ್ರದ ಒಂದು ದ್ವೀಪದಲ್ಲಿ ಇಂಟರ್ನೆಟ್ ಕಂಪನಿಯ ಫೋನ್ ಎತ್ತುತ್ತಿದ್ದವಳು ಒಬ್ಬಳೇ ಹೆಂಗಸು. ಆ ದ್ವೀಪಕ್ಕೆ ಇಂಟರ್ನೆಟ್ ಬರುವುದು ಸಮುದ್ರದಡಿಯ ಒಂದೇ ಒಂದು ಕೇಬಲಿನಲ್ಲಿ. ಅದಕ್ಕೇ ಬೆಲೆ ಆಕಾಶದಲ್ಲಿ. ಆ ಸಮುದ್ರದ ಕಡೆಯ ಬೇರೆ ಕಂಪನಿಗಳಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇರುತ್ತದೆ, ಎತ್ತುವವರಿಲ್ಲ. ಎತ್ತುವವಳು ಈಕೆ ಮಾತ್ರ, ಎತ್ತಿದರೆ ಇಡುವವಳಲ್ಲ. ಇಬ್ಬರೂ ಮಾತಾಡುತ್ತಿದ್ದದ್ದು ಇಬ್ಬರದೂ ಅಲ್ಲದ ಒಂದು ಭಾಷೆಯಲ್ಲಿ, ಆದ್ದರಿಂದ ತಪ್ಪಿಗೆ ಯಾರೂ ಹೆದರುತ್ತಿರಲಿಲ್ಲ. ಪ್ರತಿ ವರ್ಷ ಅವಳು ಬೆಲೆ ಹೇಳಿದ ಮೇಲೆ ಕೇಳುವಳು: "ಮಗಳು ಹೇಗಿದಾಳೆ? ಚೆಸ್ ಆಡ್ತಾ ಇದಾಳಾ? ಮಗನ ಕೆಮ್ಮು ಹೋಯ್ತಾ?" ರೇಟಮ್ಮ ಎಂದೋ ಬಾಯಿಗೆ ಬಂದಂತೆ ಹೇಳಿದ್ದ ಕೆಮ್ಮು ಅದು. ಅವಳು ಮರೆತಿರಲಿಲ್ಲ. ರೇಟಮ್ಮನ ಮಕ್ಕಳನ್ನು ತಮಾಷೆ ಮಾಡದೆ ವಿಚಾರಿಸುತ್ತಿದ್ದವಳು ಇಡೀ ಜಗತ್ತಿನಲ್ಲಿ ಅವಳೊಬ್ಬಳೇ. ವರ್ಷವೆಲ್ಲ ರೇಟಮ್ಮ ಆ ಒಂದು ಫೋನಿಗಾಗಿ ಕಾಯುತ್ತಿದ್ದಳು ಎಂದರೆ ಅತಿಶಯೋಕ್ತಿಯಲ್ಲ.

ಈ ವರ್ಷ ಆ ದ್ವೀಪದಾಕೆ ಬೆಲೆ ಹೇಳಿದವಳೇ, "ಇನ್ನು ನೆಪ ಹೇಳಬೇಡಿ" ಅಂದಳು. "ನಮ್ಮ ಪಕ್ಕದ ಮನೆ ಖಾಲಿ ಆಗಿದೆ. ಮನೆ ಮಾಲೀಕರಿಗೆ ನಿಮ್ಮ ವಿಷಯ ಹೇಳಿದ್ದೀನಿ. ಬೇರೆ ಯಾರಿಗೂ ಕೊಡದೆ ಕಾಯ್ತಾ ಇದಾರೆ. ನಿಮ್ಮ ಯಜಮಾನ್ರಿಗೆ ಕೆಳಗಡೆ ಹಲ್ಲಿನ ಕ್ಲಿನಿಕ್ ಮಾಡಿಕೊಳ್ಳೋಕೆ ಜಾಗಾನೂ ಇದೆ. ಯಾವತ್ತು ಬರ್ತೀರಿ ಅಂತ ಒಂದು ವಾರದಲ್ಲಿ ಹೇಳಿ."

ಕೇಳಿ ಹೇಳ್ತೀನಿ ಎಂದು ರೇಟಮ್ಮ ಹೇಗೋ ಫೋನ್ ಇಟ್ಟಳು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಹೊಲಿಗೆ ಮೆಷಿನ್ನಿನ ಪಕ್ಕ ಕೂತಳು. ಎಲ್ಲ ಕೇಳಿದ ಅಕ್ಕ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ. ನಿನ್ನ ಕೂಸಿಗೆ ಮನೇನೇ ರೆಡಿ ಆಗಿದೆಯಲ್ಲೇ!"

"ನಗಬೇಡ ಅಕ್ಕ. ನಿಜ ಹೇಳಿದ್ರೆ ಕೆಲಸ ಹೋಗುತ್ತೆ. ಹೇಳದೆ ಇದ್ರೆ ಆ ಮನೆಯವರು ಬಾಡಿಗೆ ಕಳಕೊಂಡು ಕೂತಿರ್ತಾರೆ. ಬಿಸಿ ತುಪ್ಪ ಆಗಿದೆ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ."

"ಇನ್ನೊಂದು ಸುಳ್ಳು ಹೇಳು. ಗಂಡನಿಗೆ ಇಲ್ಲೇ ಪ್ರಾಕ್ಟೀಸ್ ಚೆನ್ನಾಗಿದೆ, ಬರಲ್ಲ ಅಂದ ಅಂತ."

ರೇಟಮ್ಮ ತಲೆ ಅಲ್ಲಾಡಿಸಿದಳು. "ಅವಳ ಹತ್ರ ಆಗಲ್ಲ ಕಣೇ. ಉಳಿದವರಿಗೆ ಹೇಳೋದು ಕೆಲಸ. ಅವಳಿಗೆ ಹೇಳಿದ್ರೆ ಅದು ಸುಳ್ಳು." ಚಪ್ಪಲಿ ಬಿಚ್ಚುತ್ತಾ ಅಂದಳು: "ನಿಜ ಹೇಳಿದ್ರೆ ಅವಳು ಮತ್ತೆ ನನ್ನ ಜೊತೆ ಮಾತಾಡಲ್ಲ. ಅದೇ ಭಯ."

ಅಕ್ಕ ತಂಗಿಯ ಮುಖವನ್ನು ನೋಡಿದಳು. ಕೆಲಸ ಹೋಗುವ ಭಯ ಎರಡನೆಯದು ಎಂದು ಅವಳಿಗೆ ಅರ್ಥವಾಯಿತು. ಆಮೇಲೆ ನಗಲಿಲ್ಲ. "ಹಾಗಾದ್ರೆ ಹೇಳಿಬಿಡು. ಅನ್ನಕ್ಕೆ ನನ್ನ ಮೆಷಿನ್ ಇದೆ" ಎಂದು ಪೆಡಲ್ ತುಳಿದಳು.

ಮಾರನೆಯ ದಿನ ರೇಟಮ್ಮ ಸ್ಪಂಜಿನ ಕೋಣೆಗೆ ಹೋಗಿ ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು ದ್ವೀಪಕ್ಕೆ ಫೋನ್ ಮಾಡಿದಳು. ಪೀಠಿಕೆಯನ್ನೂ ಹಾಕದೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ಗಂಡ ಇಲ್ಲ, ಮಕ್ಕಳಿಲ್ಲ, ದ್ವೀಪಕ್ಕೆ ಬರುವುದೂ ಇಲ್ಲ. ಬೆಲೆ ಹೋಲಿಸುವುದು ತನ್ನ ಕೆಲಸ, ಅದಕ್ಕಾಗಿ ಇಷ್ಟು ವರ್ಷ ಹೀಗೆ ಮಾಡಿದೆ. "ಆ ಮನೆ ಬೇರೆಯವರಿಗೆ ಕೊಡೋಕೆ ಹೇಳಿ. ನನ್ನನ್ನ ಕ್ಷಮಿಸಿ."

ಕೇಬಲ್ ಕಡಿದುಹೋಯಿತೇನೋ ಅಂದುಕೊಂಡಳು. ಆಮೇಲೆ ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ.

"ಅಂತೂ ಹೇಳಿದ್ಯಲ್ಲ ಮಾರಾಯ್ತಿ! ಖಾಲಿ ಮನೆ ಎಲ್ಲಿದೆ? ಪಕ್ಕದಲ್ಲಿರೋದು ಮೀನು ಇಡೋ ಗೋದಾಮು. ನೀನು ಬಾಯಿ ಬಿಡ್ತೀಯಾ ಅಂತ ನೋಡೋಕೆ ಹೇಳ್ದೆ."

"ನಿಮಗೆ ಗೊತ್ತಿತ್ತಾ?"

"ಗೊತ್ತಾಗದೆ ಏನು? ನಾನು ಈ ಕುರ್ಚಿಗೆ ಬಂದಾಗ ನಿನ್ನ ಮಗಳಿಗೆ ಹನ್ನೆರಡು, ನನ್ನ ಮಗಳಿಗೂ ಹನ್ನೆರಡು. ಒಂದೇ ವಯಸ್ಸು ಅಂತ ಖುಷಿಯಾಗಿತ್ತು. ನನ್ನ ಮಗಳು ಹದಿಮೂರಾದ್ಲು, ಹದಿನೆಂಟಾದ್ಲು, ಮದುವೆ ಆದ್ಲು, ಈಗ ತುಂಬು ಬಸುರಿ. ನಿನ್ನವಳು ಇನ್ನೂ ಹನ್ನೆರಡರಲ್ಲೇ ಕೂತು ಚೆಸ್ ಆಡ್ತಾ ಇದಾಳೆ. ನಾನೇನು ಕುರುಡಿನಾ?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ! ರೇಟಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬೆಲೆಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದೇ ಕಸುಬಾಗಿದ್ದವಳಿಗೆ, ಆ ಕಡೆಯಿಂದ ತನ್ನನ್ನೂ ಯಾರೋ ವರ್ಷದಿಂದ ವರ್ಷಕ್ಕೆ ಹೋಲಿಸುತ್ತಿದ್ದಾರೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?"

ದ್ವೀಪದಾಕೆಯ ದನಿ ತಗ್ಗಿತು. "ಮೊದಲು ಬೇರೆ ಕಂಪನಿಯ ಗೂಢಚಾರಿಣಿ ಅಂದ್ಕೊಂಡೆ. ಆಮೇಲೆ ನೀನು ಮಗಳ ವಿಷಯ ಹೇಳೋ ರೀತಿ ಕೇಳಿ, ಯಾರೋ ಒಂಟಿ ಹೆಂಗಸು ಅನ್ನಿಸ್ತು. ಪಾಪ, ಹೇಳಿಕೊಳ್ಳಲಿ ಬಿಡು ಅಂದ್ಕೊಂಡೆ. ನಾನು ಕೇಳಿದ್ದಿದ್ರೆ ನೀನು ಮತ್ತೆ ಫೋನ್ ಮಾಡ್ತಿದ್ದೆಯಾ?"

ಮಾಡುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಾಡಿದ್ದನ್ನು ಮುಚ್ಚಿಡುವ ಜಾಯಮಾನ ಅವಳದಲ್ಲ. ಕೋಣೆಯಿಂದ ಹೊರಗೆ ಬಂದವಳೇ ನೆಟ್ಟಗೆ ಮ್ಯಾನೇಜರ ಮುಂದೆ ನಿಂತು ಹೇಳಿದಳು. ಮ್ಯಾನೇಜರು ಬೋಳುತಲೆಯನ್ನು ಸವರಿಕೊಂಡರು. ಆ ಸಾಲು ಖಾಲಿ ಬಿಟ್ಟರೆ ವರದಿಯಲ್ಲಿ ಒಂದು ಇಡೀ ಸಮುದ್ರವೇ ಬತ್ತಿದ ಹಾಗೆ.

"ಅವಳು ಇಷ್ಟು ವರ್ಷ ಹೇಳಿದ ಬೆಲೆ ನಿಜವೋ, ನಿನ್ನನ್ನ ಆಟ ಆಡಿಸಿದಳೋ?"

"ನಿಜ ಸಾರ್. ಬೇರೆಯವರು ಕೇಳಿ ನೋಡಲಿ."

"ಗಿರಾಕಿ ಹಾಗೆ ನಾನೇ ಕೇಳ್ತೀನಿ" ಎಂದು ಅವರು ಸ್ಪಂಜಿನ ಕೋಣೆಗೆ ನುಗ್ಗಿದರು. ಹೊರಗೆ ಎಲ್ಲರೂ ಕೆಲಸ ಮಾಡುವವರ ಹಾಗೆ ಕೂತು ಕಿವಿಯನ್ನು ಆ ಕಡೆಯೇ ಇಟ್ಟಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮ್ಯಾನೇಜರ ಮುಖ ಕೆಂಪಾಗಿತ್ತು.

"ಬೆಲೆ ಒಂದು ಕಾಸೂ ಹೆಚ್ಚುಕಡಿಮೆ ಇಲ್ಲ. ಸಾಲು ಇರಲಿ" ಅಂದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಎಲ್ಲ ಹೇಳಿ ಆದ ಮೇಲೆ, 'ನಿಮ್ಮ ಮಗಳಿಗೂ ಹನ್ನೆರಡೇ ಅಲ್ವಾ ಸಾರ್' ಅಂದ್ಲು" ಎಂದರು. ಆಫೀಸು ಆವತ್ತು ನಕ್ಕ ಹಾಗೆ ಮತ್ತೆಂದೂ ನಕ್ಕಿಲ್ಲ. ಜೊತೆಗೆ ತಾವೂ ನಕ್ಕ ಮ್ಯಾನೇಜರು ಯಾರನ್ನು ತಾನೇ ಕೆಲಸದಿಂದ ತೆಗೆದಾರು? ರೇಟಮ್ಮನ ಕುರ್ಚಿ ಉಳಿಯಿತು. ಮುಂದಿನ ವರ್ಷದಿಂದ ದ್ವೀಪಕ್ಕೆ ಬೇರೆಯವರು ಫೋನ್ ಮಾಡಬೇಕು ಎಂದಷ್ಟೇ ಆಯಿತು.

ಅಂದರೆ ಆ ವರ್ಷಕ್ಕೊಂದು ಫೋನೂ ಹೋಯಿತು. ನಾಲ್ಕಾರು ದಿನ ರೇಟಮ್ಮ ಅಕ್ಕನ ಜೊತೆ ಜಗಳಕ್ಕೂ ಇಳಿಯಲಿಲ್ಲ, ಅಕ್ಕನಿಗೆ ಅದೇ ಚಿಂತೆಯಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಸ್ಪಂಜಿನ ಕೋಣೆಯ ಫೋನು ತಾನಾಗಿಯೇ ಹೊಡೆದುಕೊಂಡಿತು. ಆ ಫೋನಿನಿಂದ ಜಗತ್ತಿಗೆಲ್ಲ ಕರೆ ಹೋಗುತ್ತಿತ್ತು, ಅದಕ್ಕೆ ಕರೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ರೇಟಮ್ಮ ಹೆದರುತ್ತಲೇ ಎತ್ತಿದಳು.

"ಮೊಮ್ಮಗಳು ಹುಟ್ಟಿದಾಳೆ!" ಆ ಕಡೆಯಿಂದ ದ್ವೀಪದಾಕೆ ಕೂಗಿದಳು. "ಮೂಗು ನನ್ನದೇ, ಗಂಟಲೂ ನನ್ನದೇ. ನಿನ್ನ ಮಗಳಿಗೆ ಹೇಳು, ಅವಳು ಚಿಕ್ಕಮ್ಮ ಆದ್ಲು ಅಂತ."

ರೇಟಮ್ಮ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು. ಆಮೇಲೆ, "ಹೇಳ್ತೀನಿ. ಇನ್ನು ಅವಳನ್ನ ಹಿಡಿಯೋಕಾಗಲ್ಲ" ಅಂದಳು.

ಸಂಜೆ ಮನೆಗೆ ಓಡಿಬಂದು ಅಕ್ಕನಿಗೆ ಹೇಳಿದಳು. ಅಕ್ಕ ತಮಾಷೆ ಮಾಡಬಹುದು ಎಂದು ಕಾದಳು. ಅಕ್ಕ ಎದ್ದು ಬೀರುವಿನಿಂದ ತಾನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಮೆತ್ತನೆಯ ಹಳದಿ ಬಟ್ಟೆಯ ತುಂಡನ್ನು ತೆಗೆದಳು. "ಕೂಸು ಹುಟ್ಟಿತಲ್ಲ, ಇನ್ನು ಕುಲಾವಿ ಹೊಲಿದ್ರೆ ಯಾರೂ ನಗಲ್ಲ" ಎಂದು ಮೆಷಿನ್ನಿಗೆ ದಾರ ಪೋಣಿಸಿದಳು.

ಅಂಚಿಗೆ ಸಣ್ಣ ನೆರಿಗೆ, ಕಟ್ಟಲು ಎರಡು ಲಾಡಿ. ಊಟದ ಹೊತ್ತಿಗೆ ಕುಲಾವಿ ಮುಗಿಯಿತು. ಅಕ್ಕ ಅದನ್ನು ಪೊಟ್ಟಣ ಕಟ್ಟಿ, ಮೇಲೆ ದ್ವೀಪದ ಆ ಕಂಪನಿಯ ವಿಳಾಸ ಬರೆದು, ಪೆನ್ನು ಹಿಡಿದು ತಲೆ ಎತ್ತಿದಳು.

"ಯಾರ ಕಡೆಯಿಂದ ಅಂತ ಬರೀಲಿ? ನಿನ್ನ ಹೆಸರೋ, ನನ್ನ ಹೆಸರೋ?"

ರೇಟಮ್ಮ ಕನ್ನಡಕ ಒರೆಸಿಕೊಂಡಳು.

"ಚಿಕ್ಕಮ್ಮನ ಕಡೆಯಿಂದ ಅಂತ ಬರಿ ಅಕ್ಕ."

ಅಕ್ಕ ಹಾಗೆಯೇ ಬರೆದಳು.